ಅಳ್ಳಾಡದ ಚಹಾದ ಕಪ್ಪು

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಮನೆಯಿಂದ ಹೊರಬೀಳುವವನು ಊರಿಗೆ ಹೊಸಬನಾಗಿರಬೇಕು, ಇಲ್ಲವೇ ಮನೆಗೆ ಸಾಲ ಕೊಟ್ಟವರು ಬಂದಿರಬೇಕು. ಬಿಸಿಲು 43 ಡಿಗ್ರಿ ಮುಟ್ಟಿದ್ದ ಅಂಥದೊಂದು ಭಾನುವಾರ ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ, ಕೂಲರಿಗೆ ಎರಡು ಕೊಡ ಸುರಿದು, ಮನೆಮಂದಿಯನ್ನೆಲ್ಲ ಟಿ.ವಿ. ಮುಂದೆ ಕೂಡಿಸಿದ ಅಪರಾಧ ನನ್ನದೇ. ಚಂದ್ರನಿಂದ ಸಿಡಿದ ಬಂಡೆಯೊಂದು ಭೂಮಿಗೆ ಅಪ್ಪಳಿಸುವ ಕತೆಯ, ಟಿ.ವಿ.ಗೆಂದೇ ತಯಾರಾದ ಅಮೆರಿಕದ ಚಿತ್ರವೊಂದು ಕನ್ನಡಕ್ಕೆ ಡಬ್ ಆಗಿ ಬರಲಿತ್ತು. ಇಪ್ಪತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿದ ನಾನು ಪಕ್ಕದ ಮನೆಯ ಮೂವರು ಹುಡುಗರನ್ನೂ ಕರೆತಂದು ಪೀಠಿಕೆ ಆರಂಭಿಸಿದೆ.

ಪೀಠಿಕೆಯೇನೋ ಚೆನ್ನಾಗಿಯೇ ಇತ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹತ್ತು ಕಿಲೋಮೀಟರಿನಷ್ಟು ಅಗಲದ ಕ್ಷುದ್ರಗ್ರಹವೊಂದು ಈಗಿನ ಮೆಕ್ಸಿಕೊದ ಬಳಿ ಬಿದ್ದು ಡೈನೋಸಾರ್‌ಗಳ ಕಾಲ ಮುಗಿಯಿತೆಂದೂ, ಹೆಚ್ಚುಕಡಿಮೆ ಅದೇ ಕಾಲಕ್ಕೆ ದಖ್ಖನ್ನಿನಲ್ಲಿ ಉಕ್ಕಿ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಸವೆದೇ ನಮ್ಮ ತೊಗರಿ ಬೆಳೆಯುವ ಕರಿಮಣ್ಣು ಆಯಿತೆಂದೂ ಹೇಳಿದಾಗ ಹುಡುಗರು ಬಾಯಿ ತೆರೆದು ಕೇಳಿದರು. ಇಂದು ಅಂಥದ್ದನ್ನೇ ಕಣ್ಣಾರೆ ನೋಡುವಿರೆಂದು ನಾನು ಭರವಸೆಯನ್ನೂ ಕೊಟ್ಟುಬಿಟ್ಟೆ.

ಮೊದಲ ನಲವತ್ತು ನಿಮಿಷ ಒಂದು ಹರಳೂ ಬೀಳಲಿಲ್ಲ. ಹೆಂಡತಿಯಿಂದ ಬೇರೆಯಾದ ವಿಜ್ಞಾನಿಯೂ ಅವನಿಂದ ಬೇರೆಯಾದ ಆಕೆಯೂ ಮೇಜಿನ ಆಚೀಚೆ ಕುಳಿತು ಮಗಳ ಶಾಲೆಯ ವಿಷಯಕ್ಕೆ ಜಗಳವಾಡಿದರು. ಇಂಥ ಚಿತ್ರಗಳ ಕತೆಯನ್ನು ಜಾಹೀರಾತುಗಳಿಗೆ ಜಾಗ ಬಿಟ್ಟೇ ಹೆಣೆದಿರುತ್ತಾರಾದ್ದರಿಂದ, ಆಗಾಗ ವಿಜ್ಞಾನಿ ಜಗಳ ನಿಲ್ಲಿಸಿ ಆಕಾಶ ನೋಡಿ ಗಾಬರಿಯಾಗುವನು, ನಗಾರಿ ಬಾರಿಸುವುದು, ಸಾಬೂನು ಬರುವುದು. ಕೊನೆಗೂ ಬಂಡೆಯ ಚೂರುಗಳು ಬಿದ್ದವು, ಆದರೆ ವಾರ್ತಾವಾಚಕಿಯ ಬಾಯಲ್ಲಿ ಮಾತ್ರ. ಪ್ಯಾರಿಸ್ ಹೋಯಿತು, ಟೋಕಿಯೊ ಹೋಯಿತು ಎಂದು ಆಕೆ ತೊಗರಿಯ ಪೇಟೆ ಧಾರಣೆ ಓದುವ ಧಾಟಿಯಲ್ಲಿ ತಿಳಿಸಿದಳು. ನಮ್ಮ ಕಣ್ಣಿಗೆ ಕಂಡ ನಷ್ಟವೆಂದರೆ ಒಂದು ಕಿಟಕಿಯ ಗಾಜು. ಅದು ಮೂರನೆಯ ಸಲ ಒಡೆದಾಗ ನನ್ನ ಹೆಂಡತಿ, "ರೀ, ಈ ಕಿಟಕಿ ಆಗಳೇ ಒಡದಿತ್ತಲ್ರೀ" ಎಂದಳು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಸುಮಾರು 20 ಮೀಟರಿನ ಬಂಡೆಯೊಂದು ಗಾಳಿಯಲ್ಲೇ ಸಿಡಿದು ಸಾವಿರಾರು ಕಟ್ಟಡಗಳ ಗಾಜು ಪುಡಿಯಾದದ್ದು ಕಾರುಗಳ ಕ್ಯಾಮೆರಾದಲ್ಲೇ ದಾಖಲಾಗಿದೆ. ಈ ಪುಣ್ಯಾತ್ಮರು ಅದನ್ನಾದರೂ ನೋಡಬಹುದಿತ್ತು.

ಮಧ್ಯೆ ವಿಜ್ಞಾನಿಯು ಚಂದ್ರನ ಬಳಿಯಿದ್ದ ಗಗನಯಾತ್ರಿಯೊಡನೆ ಮಾತಾಡಿದನು. 3,84,000 ಕಿಲೋಮೀಟರ್ ದೂರಕ್ಕೆ ಮಾತು ತಲುಪಲು 1.3 ಸೆಕೆಂಡು, ಉತ್ತರ ಬರಲು ಮತ್ತಷ್ಟೇ ಬೇಕು. ಇವನ ಪ್ರಶ್ನೆ ಮುಗಿಯುವ ಮೊದಲೇ ಅವನ ಉತ್ತರ ಬಂದಿತ್ತು. ಜೇವರ್ಗಿಯ ನಮ್ಮ ಭಾವನವರಿಗೆ ಫೋನು ಮಾಡಿದರೆ ಮೂರು ಸಲ 'ಹಲೋ' ಎನ್ನಬೇಕಾದ ನನಗೆ ಹೊಟ್ಟೆಕಿಚ್ಚಾಯಿತು.

ಇಷ್ಟರಲ್ಲಿ ಭೂಕಂಪ ಬಂತು. ವಿಜ್ಞಾನಿಯ ಕಚೇರಿ ಗಡಗಡ ನಡುಗಿತು, ಎಲ್ಲರೂ ಒಂದೇ ದಿಕ್ಕಿಗೆ ವಾಲಿದರು. ಅಷ್ಟು ಹೊತ್ತೂ ತೂಕಡಿಸುತ್ತಿದ್ದ ನಮ್ಮ ಅಪ್ಪ ಆಗ ನೆಟ್ಟಗೆ ಕುಳಿತರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ ಅವರು ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿದ್ದರು; ಈ ವಿಷಯದಲ್ಲಿ ಅವರೆದುರು ನನ್ನ ಪೀಠಿಕೆ ನಡೆಯುವುದಿಲ್ಲ. "ಅಲ್ಲೋ ತಮ್ಮಾ, ಆವತ್ತ ನಮ್ಮ ಮನ್ಯಾಗಿನ ತಂಬಗಿ, ತಾಟು ಎಲ್ಲಾ ನೆಲಕ್ಕ ಬಿದ್ದಿದ್ವು. ಇಲ್ಲಿ ಊರಿಗೂರೇ ಬೀಳ್ಲಿಕ್ಕತ್ತದ, ಆ ಕಪ್ಪಿನ್ಯಾಗಿನ ಚಹಾ ಅಳ್ಳಾಡವಲ್ದಲ್ಲ?" ಎಂದರು. ನೋಡಿದರೆ ನಿಜ. ಮೇಜಿನ ಮೇಲೆ ತುಂಬಿದ ಕಪ್ಪೊಂದು ಕೆರೆಯ ನೀರಿನಂತೆ ಶಾಂತವಾಗಿತ್ತು. ಕ್ಯಾಮೆರಾ ಹಿಡಿದವನು ಕೈ ಕುಣಿಸಿದ್ದನೇ ಹೊರತು ಮೇಜನ್ನು ಯಾರೂ ಮುಟ್ಟಿರಲಿಲ್ಲ. ಅಲ್ಲಿಂದ ಮುಂದೆ ಹುಡುಗರು ವಿಜ್ಞಾನಿಯನ್ನು ಬಿಟ್ಟು ಕಪ್ಪನ್ನೇ ನೋಡತೊಡಗಿದರು. ಒಂದು ದೃಶ್ಯದಲ್ಲಿ ಅದು ಎಡಕ್ಕಿತ್ತು, ಮರುಕ್ಷಣ ಬಲಕ್ಕಿತ್ತು. ಇಡೀ ಚಿತ್ರದಲ್ಲಿ ಯಾರ ಸಹಾಯವೂ ಇಲ್ಲದೆ ಚಲಿಸಿದ್ದು ಅದೊಂದೇ.

ಕೊನೆಗೆ ಬಂಡೆಯನ್ನು ಬಾಂಬಿನಿಂದ ಒಡೆಯಲು ನಾಲ್ಕು ಸೆಕೆಂಡು ಉಳಿದವು. 2022ರಲ್ಲಿ ನಾಸಾದ ಡಾರ್ಟ್ ನೌಕೆ ಹತ್ತು ತಿಂಗಳು ಪಯಣಿಸಿ, 160 ಮೀಟರಿನಷ್ಟಿದ್ದ ಡೈಮಾರ್ಫಸ್ ಎಂಬ ಪುಟ್ಟ ಬಂಡೆಗೆ ಗುದ್ದಿ, ಅದು ತನ್ನ ಜೊತೆಯ ದೊಡ್ಡ ಬಂಡೆಯನ್ನು ಒಂದು ಸುತ್ತು ಹಾಕುವ ಅವಧಿಯನ್ನು ಅರ್ಧ ಗಂಟೆಯಷ್ಟು ತಗ್ಗಿಸಿತೆಂದು ನಾನು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಕರೆಂಟು ಹೋಯಿತು.

ಮುಕ್ಕಾಲು ಗಂಟೆ ಬೀಸಣಿಕೆ ಬೀಸಿಕೊಂಡು ಕಾದೆವು. ಕರೆಂಟು ಬಂದಾಗ ಪರದೆಯಲ್ಲಿ ಯಾರೋ ಬದನೆಕಾಯಿ ಹೆಚ್ಚುತ್ತಿದ್ದರು. ಭೂಮಿ ಉಳಿಯಿತೋ ಇಲ್ಲವೋ ಎಂದು ಒಬ್ಬ ಹುಡುಗನೂ ಕೇಳಲಿಲ್ಲ. ರಾತ್ರಿ ರೊಟ್ಟಿ ಮುರಿಯುತ್ತ ಅಪ್ಪನೇ ಮಾತೆತ್ತಿದರು:

"ತಮ್ಮಾ, ಆ ಚಹಾ ಕಡೀಕರ ಯಾರರ ಕುಡದ್ರೇನೋ?"