ನಾಲ್ಕು ಬೆರಳಿನ ಗ್ಯಾಪು

ನಿಮ್ಮ ಕಾರಿನ ಟೈರಿಗೂ ಅದರ ಮೇಲಿನ ಕಮಾನಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆ ಅಂತ ಯಾವತ್ತಾದರೂ ನೋಡಿದ್ದೀರಾ? ನೋಡಬೇಡಿ. ನಾನು ನೋಡಿ ಕೆಟ್ಟೆ.

ನೋಡಿದ್ದೂ ನಾನಾಗಿ ಅಲ್ಲ. ಕಾರಿನ ಹುಚ್ಚಿರುವ ಗೆಳೆಯನೊಬ್ಬ ಆಫೀಸಿನ ಪಾರ್ಕಿಂಗ್‌ನಲ್ಲಿ ನನ್ನ 2014ರ ಸ್ವಿಫ್ಟ್ ಪಕ್ಕ ಕುಕ್ಕರಗಾಲಲ್ಲಿ ಕೂತು, ಚಕ್ರದ ಮೇಲೆ ಕೈ ತೂರಿಸಿ, "ನಾಲ್ಕು ಬೆರಳು ಆರಾಮಾಗಿ ಹೋಗುತ್ತೆ ಕಣೋ. ಗಾಡಿ ಪಂಚೆ ಎತ್ಕೊಂಡು ಹಳ್ಳ ದಾಟೋರ ಥರ ನಿಂತಿದೆ" ಅಂದ. ಅಷ್ಟೇ. ಅವತ್ತಿನಿಂದ ನನಗೆ ಕಾರು ಕಾಣಿಸಲಿಲ್ಲ, ಪಂಚೆಯೇ ಕಾಣಿಸಿತು. ರಾತ್ರಿ ಊಟ ಆದ ಮೇಲೆ ಟಾರ್ಚ್ ಹಿಡಿದು ಕೆಳಗಿಳಿದು ನಾನೂ ಬೆರಳು ಇಟ್ಟು ನೋಡಿದೆ. ಕಾರಿನ ಕೆಳಗೆ ಮಲಗಿದ್ದ ಬೀದಿ ನಾಯಿ ಕರಿಯ ತಲೆ ಎತ್ತಿ ನನ್ನನ್ನೊಮ್ಮೆ ನೋಡಿ, ಇವನಿಗೇನೋ ಆಗಿದೆ ಅನ್ನುವ ಹಾಗೆ ಮತ್ತೆ ಮುದುಡಿಕೊಂಡ.

ಸುಮ್ನಿರಲಾರದೆ ಇರುವೆ ಬಿಟ್ಕೊಂಡರು ಅನ್ನುತ್ತಾರಲ್ಲ, ನಾನು ಬಿಟ್ಟುಕೊಂಡ ಇರುವೆಯ ಹೆಸರು ಲೋವರಿಂಗ್ ಸ್ಪ್ರಿಂಗ್. ಕಾರಿನ ಸ್ಪ್ರಿಂಗ್ ಬಿಚ್ಚಿ ಆ ಜಾಗಕ್ಕೆ ಹಾಕುವ ಗಿಡ್ಡ ಸ್ಪ್ರಿಂಗ್. ನಾಲ್ಕಕ್ಕೆ 14 ಸಾವಿರ. ಕಾರು 40 ಮಿಲಿಮೀಟರ್ ಇಳಿಯುತ್ತದೆ ಅಂತ ಡಬ್ಬದ ಮೇಲೆ ಬರೆದಿತ್ತು. ಸ್ವಿಫ್ಟ್‌ನ ಹೊಟ್ಟೆಗೂ ನೆಲಕ್ಕೂ ಕಂಪನಿಯವರು ಬಿಟ್ಟ ಜಾಗ 170. ಅದರಲ್ಲಿ 40 ಹೋದರೆ 130. ಐದಿಂಚಿಗೆ ಒಂದು ಕೂದಲೆಳೆ ಜಾಸ್ತಿ. ಹಂಪ್ ಹೇಗಿರಬೇಕು ಅಂತ ರಸ್ತೆಗಳ ಅಳತೆ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆ 1988ರಲ್ಲೇ ಬರೆದಿಟ್ಟಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ನನ್ನ ಕಾರಿನ ಹೊಟ್ಟೆ 13 ಸೆಂಟಿಮೀಟರ್ ಎತ್ತರದಲ್ಲಿ ಇರುತ್ತದೆ, ಇನ್ನೂ 3 ಸೆಂಟಿಮೀಟರ್ ಲಾಭವೇ ಅಂತ ಹೆಂಡತಿಗೆ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ನಮ್ಮ ಬೀದಿ ಹಂಪ್ ಹಾಕಿದವರು ಅದನ್ನ ಓದಿದ್ದಾರಾ?"

ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಮೆಕ್ಯಾನಿಕ್ ಮೊದಲು ಡಬ್ಬ ನೋಡಿದ, ಆಮೇಲೆ ನನ್ನನ್ನು ನೋಡಿದ. "ಇಷ್ಟು ದುಡ್ಡು ಯಾಕೆ ಹಾಕಿದ್ರಿ ಸಾರ್? ಹುಡುಗರು ಇರೋ ಸ್ಪ್ರಿಂಗನ್ನೇ ಒಂದು ಸುತ್ತು ಕಟ್ ಮಾಡಿಸ್ಕೊಂಡು ಹೋಗ್ತಾರೆ." ಕತ್ತರಿಸಿದ ಸ್ಪ್ರಿಂಗ್ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಗುಂಡಿಗೆ ಇಳಿದಾಗ ಜಾಗ ಬಿಟ್ಟು ಜಾರಬಹುದು, ಗ್ಯಾಸ್ ಬೆಂಕಿಯಲ್ಲಿ ಕೊಯ್ದರೆ ಉಕ್ಕಿನ ಹದವೂ ಕೆಡುತ್ತದೆ ಅಂತ ನಾನು ಓದಿಕೊಂಡು ಹೋಗಿದ್ದನ್ನೆಲ್ಲ ಒಪ್ಪಿಸಿದೆ. "ಇಷ್ಟೆಲ್ಲ ಗೊತ್ತಿದ್ದೂ ಬಂದಿದ್ದೀರಲ್ಲ" ಅಂದ.

ಹಳೆಯ ಸ್ಪ್ರಿಂಗ್ ಬಿಚ್ಚುವುದನ್ನು ಗಟ್ಟಿ ಎದೆಯವರು ಮಾತ್ರ ನೋಡಬೇಕು. ಎರಡೂ ಕಡೆ ಕೊಕ್ಕೆ ಹಾಕಿ, ತಿರುಪು ತಿರುಗಿಸುತ್ತಾ ಅದನ್ನು ಅದುಮಬೇಕು. ಕೊಕ್ಕೆ ಜಾರಿದರೆ ಎದುರಿಗಿದ್ದವನ ಹಲ್ಲು ಲೆಕ್ಕಕ್ಕೆ ಸಿಗುವುದಿಲ್ಲ. ನನ್ನನ್ನು ರಸ್ತೆಗೆ ಕಳಿಸಿ ಟೀ ಕುಡಿದು ಬರಲು ಹೇಳಿದ. ಎರಡು ಟೀ ಮುಗಿಸಿ ಬರುವಷ್ಟರಲ್ಲಿ ಕಾರು ನೆಲಕ್ಕೆ ಇಳಿದಿತ್ತು. ಹಳೆಯ ನಾಲ್ಕು ಸ್ಪ್ರಿಂಗನ್ನು ಗೋಣಿಚೀಲಕ್ಕೆ ತುಂಬಿ ಡಿಕ್ಕಿಯಲ್ಲಿಟ್ಟ. "ಗುಜರಿಗೆ ಹಾಕ್ಬೇಡಿ." ಯಾಕೆ ಅಂದೆ. "ಸುಮ್ನೆ ಇರ್ಲಿ" ಅಂದ.

ನಿಜ ಹೇಳಬೇಕು. ಕಾರು ಚೆನ್ನಾಗಿ ಕಾಣುತ್ತಿತ್ತು. ಈಗ ಎರಡೇ ಬೆರಳು. ಪಂಚೆ ಇಳಿಸಿ, ಮಡಿಕೆ ಸರಿ ಮಾಡಿಕೊಂಡು, ಮದುವೆ ಮನೆಗೆ ಹೊರಟವರ ಹಾಗೆ ನಿಂತಿತ್ತು. ಮನೆ ಮುಂದೆ ನಿಲ್ಲಿಸಿ, ಯಾರಾದರೂ ಹೊಗಳಲಿ ಅಂತ ಗೇಟಿನ ಹತ್ತಿರ ಸುಮ್ನೆ ಓಡಾಡಿದೆ. ಎದುರು ಮನೆಯವರು ಬಂದರು. ಕಾರನ್ನು ಹಿಂದಿನಿಂದ ಮುಂದಿನಿಂದ ನೋಡಿದರು. "ಗಾಳಿ ಕಮ್ಮಿ ಇದೆ ಅಲ್ವಾ?" ಅಂದರು. ನಾಲ್ಕೂ ಟೈರಲ್ಲಿ? "ನಾಲ್ಕೂ ಟೈರಲ್ಲಿ" ಅಂದರು. ಪೆಟ್ರೋಲ್ ಬಂಕಿನ ಹುಡುಗನೂ ಅದನ್ನೇ ಅಂದ. ಪಂಕ್ಚರ್ ಅಂಗಡಿಯವನಂತೂ ನಾನು ಸಿಗ್ನಲ್‌ನಲ್ಲಿ ನಿಂತರೆ ಪೈಪು ಹಿಡಿದು ಎದ್ದೇ ಬಿಡುತ್ತಿದ್ದ. ನಮ್ಮತ್ತೆ ಮಾತ್ರ ಬೇರೆ ಹೇಳಿದರು. "ಕಾರು ಕುಸಿದು ಹೋಗಿದೆಯಲ್ಲಪ್ಪಾ."

ಕರಿಯ ಏನೂ ಹೇಳಲಿಲ್ಲ. ರಾತ್ರಿ ಬಂದ. ತಲೆ ತೂರಿಸಿದ. ಬೆನ್ನು ತಾಗಿತು. ಇನ್ನೊಂದು ಕಡೆಯಿಂದ ಪ್ರಯತ್ನಿಸಿದ. ಆಮೇಲೆ ಹಿಂದಕ್ಕೆ ಬಂದು ಕೂತು ನನ್ನ ಕಡೆ ಒಂದು ನೋಟ ಬಿಟ್ಟ. ಬಾಡಿಗೆ ಮನೆ ಖಾಲಿ ಮಾಡಿಸಿದ ಓನರ್‌ನನ್ನು ನೋಡುವ ನೋಟ ಅದು. ಎದ್ದು ಎದುರು ಮನೆಯವರ ಎತ್ತರದ ಜೀಪಿನ ಕೆಳಗೆ ಹೋಗಿ ಮಲಗಿದ.

ಓಡಿಸುವುದು ಹೇಗಿತ್ತು ಅಂತ ಕೇಳುತ್ತೀರಿ. ಸ್ಪ್ರಿಂಗ್ ಗಿಡ್ಡ ಆದರೆ ಚಕ್ರ ಮೇಲೆ ಕೆಳಗೆ ಆಡುವುದಕ್ಕೆ ಜಾಗ ಕಮ್ಮಿ. ಮೆತ್ತಗಿದ್ದರೆ ಅದು ಪ್ರತಿ ಗುಂಡಿಯಲ್ಲೂ ಪೂರ್ತಿ ಕುಸಿದು ತಳಕ್ಕೆ ಬಡಿಯುತ್ತದೆ. ಅದಕ್ಕೇ ಇಂಥ ಸ್ಪ್ರಿಂಗನ್ನು ಗಟ್ಟಿಯಾಗಿ ಮಾಡಿರುತ್ತಾರೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ. ಪಾಪ ಅದು ಅರ್ಧ ಬಗ್ಗಿದ ಸೊಂಟದಲ್ಲೇ ದಿನವಿಡೀ ದುಡಿಯಬೇಕು. ಸ್ವಲ್ಪ ದೊಡ್ಡ ಗುಂಡಿ ಬಂದರೆ ಬಂಪ್ ಸ್ಟಾಪ್ ಅನ್ನುವ ರಬ್ಬರ್ ತುಂಡಿಗೆ ಧಡಾರ್ ಅಂತ ಕುಟ್ಟುತ್ತದೆ. ಚಕ್ರ ಬೆಳ್ಳುಳ್ಳಿ ಸಿಪ್ಪೆ ಮೇಲೆ ಹತ್ತಿದರೂ ನನ್ನ ದವಡೆಗೆ ಸುದ್ದಿ ಬರುತ್ತಿತ್ತು. ಎಲೆ ಅಡಿಕೆ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತ ಅತ್ತೆ ಮೊದಲ ದಿನವೇ ನಾಲಿಗೆ ಕಚ್ಚಿಕೊಂಡರು. ಆ ಮೌನ ಸುಮಾರು ಒಂದು ಕಿಲೋಮೀಟರ್ ಇತ್ತು. ಸ್ಪ್ರಿಂಗಿನ 14 ಸಾವಿರದಲ್ಲಿ ಒಂದಷ್ಟು ವಸೂಲಾಯಿತು ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಸುಖವೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ಭಾನುವಾರ ಬೆಳಿಗ್ಗೆ ಊರ ಹೊರಗಿನ ನೈಸ್ ಟೋಲ್ ರೋಡಿನಿಂದ ಇಳಿಯುವ ಉದ್ದನೆಯ ತಿರುವಿನಲ್ಲಿ ಕಾರು ಒಂದಿಷ್ಟೂ ವಾಲದೆ, ಹಳಿ ಮೇಲಿನ ರೈಲಿನ ಹಾಗೆ ತಿರುಗಿತು. ಅಬ್ಬಾ ಅನ್ನಿಸಿತು. ಐದಾರು ಸೆಕೆಂಡಿನ ತಿರುವು. ತಿರುವು ಮುಗಿದ ಕೂಡಲೇ ಹಂಪ್.

ಹಂಪ್ ವಿಷಯಕ್ಕೆ ಬರೋಣ. ಹೆಂಡತಿಯೇ ಗೆದ್ದಳು. ನಮ್ಮ ಬೀದಿ ಹಂಪ್ ಅನ್ನು ಯಾರೂ ಏನನ್ನೂ ಓದಿ ಮಾಡಿರಲಿಲ್ಲ. ಗದ್ದೆಯ ಬದುವನ್ನೇ ತಂದು ರಸ್ತೆಗೆ ಅಡ್ಡ ಹಾಕಿದ ಹಾಗಿತ್ತು. ನನ್ನ ಕಾಗದದ ಲೆಕ್ಕದಲ್ಲಿ ಇನ್ನೊಂದು ತಪ್ಪೂ ಇತ್ತು. 130 ಅನ್ನುವುದು ಖಾಲಿ ಕಾರಿನ ಮಾತು. ಅದರೊಳಗೆ ನಾನು, ಹೆಂಡತಿ, ಮಗ, ಅತ್ತೆ, 25 ಕೆಜಿ ಸೋನಾ ಮಸೂರಿ ಎಲ್ಲ ಕೂತ ಮೇಲೆ ನನ್ನ 3 ಸೆಂಟಿಮೀಟರ್ ಲಾಭ ಎಲ್ಲಿ ಉಳಿಯಬೇಕು? ಹಾಗಾಗಿ ಒಂದು ಪದ್ಧತಿ ಶುರುವಾಯಿತು. ಹಂಪ್ ಬಂತು ಅಂದರೆ ನಾನು "ಇಳೀರಿ" ಅನ್ನುತ್ತಿದ್ದೆ. ಎಲ್ಲರೂ ಇಳಿಯುತ್ತಿದ್ದರು. ನಾನು ಕಾರನ್ನು ಏಡಿಯ ಹಾಗೆ ಅಡ್ಡಡ್ಡವಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸುತ್ತಿದ್ದೆ. ಅವರು ನಡೆದು ಬಂದು ಮತ್ತೆ ಹತ್ತುತ್ತಿದ್ದರು. ಮನೆಯಿಂದ ದೇವಸ್ಥಾನಕ್ಕೆ 11 ಹಂಪ್ ಇವೆ ಅಂತ ನನಗೆ ಗೊತ್ತಾಗಿದ್ದೇ ಆಗ. ಎಣಿಸಿದ್ದು ಅತ್ತೆ. ಏಳನೆಯದರಲ್ಲಿ ಇಳಿದವರು ಮತ್ತೆ ಹತ್ತಲಿಲ್ಲ. ಆಟೋ ಹಿಡಿದು ನಮಗಿಂತ ಮೊದಲೇ ಹೋಗಿ ಮಂಗಳಾರತಿ ತಗೊಂಡಿದ್ದರು.

ಆಯುಧಪೂಜೆ ದಿನ ಮುಂದೆ ಕಟ್ಟಿದ ಬಾಳೆಕಂದು ನೆಲ ಗುಡಿಸಿಕೊಂಡು ಬಂತು. ಅದನ್ನು ಬಿಡಿ, ಸಣ್ಣ ಮಾತು.

ದೊಡ್ಡ ಮಾತು ಸಂಕ್ರಾಂತಿಯದು. ಅತ್ತೆಯ ಊರು ಕಡೂರಿನಿಂದ ಒಳಗೆ. ತುಮಕೂರು, ತಿಪಟೂರು, ಅರಸೀಕೆರೆ ಎಲ್ಲ ಹೇಗೋ ದಾಟಿದೆವು. ಹೆದ್ದಾರಿ ಬಿಟ್ಟು ಒಳರಸ್ತೆಗೆ ತಿರುಗಿದರೆ ಮುಂದೆ ರಸ್ತೆ ತುಂಬಾ ಹುರುಳಿ. ಬೆಳೆಯನ್ನು ಡಾಂಬರು ರಸ್ತೆ ಮೇಲೆ ಹರವಿ, ಕಣದ ಕೆಲಸವನ್ನು ಹೋಗಿ ಬರುವ ಗಾಡಿಗಳಿಂದಲೇ ಮಾಡಿಸಿಕೊಳ್ಳುವುದು ಆ ಕಡೆ ಹೊಸದೇನಲ್ಲ. ಬಸ್ಸು ಹೋಯಿತು, ಟ್ರ್ಯಾಕ್ಟರ್ ಹೋಯಿತು, ಹುರುಳಿ ತನ್ನ ಪಾಡಿಗೆ ಉದುರಿತು. ನಾನು ಹೋದೆ. ಉದುರಲಿಲ್ಲ. ನನ್ನ ಜೊತೆಯಲ್ಲೇ ಹೊರಟಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಸ್ವಚ್ಛವಾದ ರಸ್ತೆ. ಅದರ ಮೇಲೆ ಸೆರಗು ಸಿಕ್ಕಿಸಿಕೊಂಡು ಓಡಿ ಬರುತ್ತಿರುವ ಹೆಂಗಸು. "ಏಯ್, ನಮ್ ಹುರುಳಿ ಎಲ್ಲಿಗ್ ತಗೊಂಡ್ ಹೋಗ್ತೀಯಾ!"

ಅಷ್ಟರಲ್ಲಿ ಹೆಂಡತಿ ಮೂಗರಳಿಸಿದಳು. "ಯಾರೋ ಹುರುಳಿ ಹುರೀತಿದ್ದಾರೆ, ಘಮ ಬರ್ತಿದೆ." ಹುರಿಯುತ್ತಿದ್ದುದು ನಾನೇ. ಕಾರಿನ ಹೊಟ್ಟೆಯಡಿ ಕಾದ ಸೈಲೆನ್ಸರ್ ಕೊಳವೆ, ಅದಕ್ಕೆ ಸುತ್ತಿಕೊಂಡ ಒಣ ಹುಲ್ಲು. ಹೀಗೆ ಹೊತ್ತಿಕೊಂಡು ಉರಿದ ಕಾರುಗಳ ಸುದ್ದಿ ಓದಿದ್ದು ತಲೆಗೆ ಬಂದು ಕೈಕಾಲು ತಣ್ಣಗಾಯಿತು. ಎಲ್ಲರನ್ನೂ ಇಳಿಸಿದೆ. ಅವರಿಗೆ ಅಭ್ಯಾಸವಾಗಿತ್ತು, ಅರೆಕ್ಷಣದಲ್ಲಿ ಇಳಿದರು. ಹಬ್ಬದ ಬಿಳಿ ಶರ್ಟಿನಲ್ಲೇ ರಸ್ತೆ ಮೇಲೆ ಮಲಗಿ ಎಳೆಯಲು ಹೋದರೆ ಕೈ ತೂರುವುದಕ್ಕೂ ಜಾಗ ಇಲ್ಲ. ಪಕ್ಕದ ತೋಟದ ಅಜ್ಜ ಒಬ್ಬರು ದೋಟಿ ತಂದು, ತೆಂಗಿನಕಾಯಿ ಕೀಳುವವರ ಹಾಗೆ ಅಡ್ಡಲಾಗಿ ಹಾಕಿ ಎಳೆದರು. ಒಂದು ಹೊರೆ ಬಂತು. ಓಡಿ ಬಂದಿದ್ದ ಹೆಂಗಸು ಅದನ್ನು ಒದರಿ ನೋಡಿ, "ಕರ್ರಗಾಗಿದೆ" ಅಂತ ಗೊಣಗಿಕೊಂಡು ಹೊತ್ತುಕೊಂಡು ಹೋದಳು.

ಅಜ್ಜ ಬಗ್ಗಿ ಕಾರನ್ನು ಪರೀಕ್ಷೆ ಮಾಡಿದರು. "ಸ್ಪ್ರಿಂಗ್ ಬ್ಲೇಡ್ ಕಟ್ಟಾಗಿರ್ಬೇಕು, ಕೂತ್ಬಿಟ್ಟಿದೆ." ಕಟ್ಟಾಗಿಲ್ಲ, ನಾನೇ ಇಳಿಸಿದ್ದು ಅಂದೆ. ಎಷ್ಟಾಯಿತು ಅಂದರು. 14 ಸಾವಿರ, ಕೂಲಿ ಬೇರೆ ಅಂದೆ. ಅಜ್ಜ ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿ ಬಹಳ ಮೆಲ್ಲಗೆ ಕೇಳಿದರು. "ಮನೇಲಿ ದೊಡ್ಡೋರು ಯಾರೂ ಇರ್ಲಿಲ್ವಾ?"

ಊರಿಂದ ವಾಪಸ್ ಬಂದ ಮೇಲೆ ನೋಡಿದರೆ ಮುಂದಿನ ಟೈರುಗಳ ಒಳ ಅಂಚು ಸವೆದು ನುಣ್ಣಗಾಗಿತ್ತು. ಕಾರು ಇಳಿದಾಗ ಚಕ್ರದ ಕೋನವೂ ಬದಲಾಗುತ್ತದೆ, ಕೂಡಲೇ ಅಲೈನ್‌ಮೆಂಟ್ ಮಾಡಿಸಬೇಕು. ನಾನು ಹೊಗಳಿಕೆಗೆ ಕಾಯುತ್ತಾ ಅದನ್ನು ಮರೆತಿದ್ದೆ. ವಕೀಲನಾದ ಭಾಮೈದ ಫೋನ್ ಮಾಡಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಂತ ಶುರು ಮಾಡಿದ. ಕಂಪನಿ ಕೊಟ್ಟಿದ್ದನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಿದರೆ ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು ಅಂದ. ಹೊತ್ತಿಕೊಂಡಿದ್ದರೆ ಏನು ಅಂತ ಬರೀತಿದ್ದೆ ಭಾವ, ಹುರುಳಿ ಅಂತಲಾ ಅಂತ ಕೇಳಿದ.

ಹಳೆಯ ಸ್ಪ್ರಿಂಗ್ ಹುಡುಕಿದೆ. ಗೋಣಿಚೀಲ ಇತ್ತು, ಒಳಗೆ ಎರಡೇ. ಇನ್ನೆರಡು ಬಾಲ್ಕನಿಯಲ್ಲಿ ಸಿಂಬಿಯಾಗಿದ್ದವು. ಒಂದರ ಮೇಲೆ ದೊಡ್ಡಪತ್ರೆ ಕುಂಡ, ಇನ್ನೊಂದರ ಮೇಲೆ ಹಕ್ಕಿಗೆ ನೀರಿಡುವ ಮಡಕೆ. "ಅಲ್ಲಾಡಲ್ಲ, ಬಹಳ ಚೆನ್ನಾಗಿದೆ, ಇನ್ನೆರಡೂ ಕೊಡು" ಅಂದರು ಅತ್ತೆ. ಬದಲಿಗೆ ಹೊಸ ಸ್ಪ್ರಿಂಗ್ ಕೊಡುತ್ತೇನೆ ಅಂತ ಒಪ್ಪಿಸಿ ಬಿಡಿಸಿಕೊಂಡು ಹೋದೆ. ಮೆಕ್ಯಾನಿಕ್ ಏನೂ ಕೇಳಲಿಲ್ಲ. ಸ್ಪ್ರಿಂಗ್ ಓರೆ ಮಾಡಿ ಸುತ್ತಿನ ನಡುವಿನ ಗೊಬ್ಬರ ಮಣ್ಣು ಕೊಡವಿದ. "ಟೀ ಕುಡ್ಕೊಂಡ್ ಬನ್ನಿ ಸಾರ್" ಅಂದ.

ಸಂಜೆ ಮನೆ ಮುಂದೆ ನಿಲ್ಲಿಸಿದೆ. ಪಂಚೆ ಎತ್ತಿಕೊಂಡೇ ನಿಂತಿತ್ತು. ಎದುರು ಮನೆಯವರು ವಾಕಿಂಗ್‌ನಿಂದ ಬಂದವರು ತಲೆಯಾಡಿಸಿ, "ಗಾಳಿ ಹೊಡೆಸಿದ್ರಾ? ಒಳ್ಳೇದಾಯ್ತು" ಅಂದರು. ಹೌದು ಅಂದೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಟು ಕೀ ಹಾಕುವ ಮೊದಲು ಬಗ್ಗಿ ನೋಡಿದೆ. ಕರಿಯ ನಾಲ್ಕೂ ಕಾಲು ಚಾಚಿ ಮಲಗಿದ್ದ. ಹೊಯ್ ಅಂದೆ. ಒಂದು ಕಿವಿ ಅಲ್ಲಾಡಿತು. ಬಿಸ್ಕತ್ತು ತೋರಿಸಿದೆ. ಇನ್ನೊಂದು ಕಿವಿ ಅಲ್ಲಾಡಿತು. ಅವತ್ತು ಆಫೀಸಿಗೆ ಮೆಟ್ರೋದಲ್ಲಿ ಹೋದೆ.