ಚುಕ್ಕೆ ನುಂಗಿದ ವಿಳಾಸ

ಐಬಿಎಂನ ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರ್‌ಗಳನ್ನು ನಡೆಸುವ ಝಡ್/ಓಎಸ್‌ನಲ್ಲಿ ಒಂದು ಸಿಸ್‌ಪ್ಲೆಕ್ಸ್‌ಗೆ, ಅಂದರೆ ಒಟ್ಟಾಗಿ ದುಡಿಯುವ ಸಿಸ್ಟಮ್‌ಗಳ ಗುಂಪಿಗೆ, 32 ಸಿಸ್ಟಮ್‌ಗಳವರೆಗೆ ಸೇರಿಸಬಹುದು. ಪ್ರತಿಯೊಂದಕ್ಕೂ ಬೇರೆ ಬೇರೆ ನೆಟ್‌ವರ್ಕ್ ಕಡತ ಬರೆಯುತ್ತ ಕುಳಿತರೆ ಬರೆದವನ ನಿವೃತ್ತಿಯೇ ಮೊದಲು ಬರುತ್ತದೆ. ಆದ್ದರಿಂದ, ಹೆಸರಿನ ಜಾಗ ಖಾಲಿ ಬಿಟ್ಟು ಅಚ್ಚು ಹಾಕಿಸಿದ ಲಗ್ನಪತ್ರಿಕೆಯಂತೆ, ಎಲ್ಲರಿಗೂ ಒಂದೇ ಕಡತವಿಟ್ಟು, ನೆಟ್‌ವರ್ಕ್ ವಿಳಾಸದಲ್ಲಿ ಬದಲಾಗುವ ಭಾಗಕ್ಕೆ ಮಾತ್ರ &ಸಿಸ್‌ಕ್ಲೋನ್ ಎಂಬ ಸಂಕೇತವನ್ನು ಬರೆಯುತ್ತಾರೆ. ಓದುವ ಸಿಸ್ಟಮ್ ಅಲ್ಲಿ ತನ್ನ ಗುರುತಿನ ಎರಡಕ್ಷರವನ್ನು (ಅಂಕೆಯೂ ಆಗಬಹುದು) ತುಂಬಿಕೊಳ್ಳುತ್ತದೆ.

ತೊಡಕಿರುವುದು ಚುಕ್ಕೆಯಲ್ಲಿ. ಸಂಕೇತ ಎಲ್ಲಿ ಮುಗಿಯಿತೆಂದು ತಿಳಿಸುವ ಚುಕ್ಕೆ, ತಿಳಿಸಿದ ಕೂಡಲೇ ಮಾಯವಾಗುತ್ತದೆ; ವಿಳಾಸದ ಚುಕ್ಕೆ ಉಳಿಯಬೇಕಾದರೆ ಎರಡು ಚುಕ್ಕೆ ಇಡಬೇಕು. ನಮ್ಮ ಬೆಂಗಳೂರಿನ ತಂಡಕ್ಕೆ ಹೊಸದಾಗಿ ಸೇರಿದ್ದ, ಅಕ್ಷರದೋಷವನ್ನು ಸಹಿಸದ ಹುಡುಗನೊಬ್ಬ, ಜೋಡಿ ಚುಕ್ಕೆಯನ್ನು ಕಂಡು ಅದನ್ನು ಬೆರಳುತಪ್ಪೆಂದು ಬಗೆದು, ಒಂದನ್ನು ಶ್ರದ್ಧೆಯಿಂದ ಅಳಿಸಿದ. ಆ ಶನಿವಾರ ರಾತ್ರಿ 11ನೇ ಸಿಸ್ಟಮ್‌ನ ಐಪಿಎಲ್ (ಕ್ರಿಕೆಟ್ ಅಲ್ಲ, ಸಿಸ್ಟಮ್ ಅನ್ನು ಹೊಸದಾಗಿ ಚಾಲೂ ಮಾಡುವುದು) ಆಯಿತು, 10.20.&ಸಿಸ್‌ಕ್ಲೋನ್.5 ಎಂಬುದು 10.20.115 ಎಂದಾಗಿ, ನಾಲ್ಕು ಭಾಗದ ವಿಳಾಸ ಮೂರಕ್ಕಿಳಿಯಿತು. ವಿದೇಶದ ಗ್ರಾಹಕರು ಕರೆಯಲ್ಲಿ ಕಾಯುತ್ತಿದ್ದಾಗ ಎಲ್ಲರೂ ಕಡತದಲ್ಲಿ 115 ಅನ್ನು ಹುಡುಕಿದ್ದೇ ಹುಡುಕಿದ್ದು. ಕಡತದಲ್ಲಿಲ್ಲದ ಸಂಖ್ಯೆ ಹುಡುಕಿದರೆ ಸಿಕ್ಕೀತೇ?

ನಮ್ಮ ಹಿರಿಯರೊಬ್ಬರು ಬಂದು, ಸಂಕೇತಗಳ ಬೆಲೆಯನ್ನು ತೋರಿಸುವ ಡಿ ಸಿಂಬಲ್ಸ್ ಆಜ್ಞೆ ಕೊಟ್ಟು, ಪರದೆಯನ್ನು ದಿಟ್ಟಿಸಿ, "ಇಲ್ಲಿದ್ದ ಇನ್ನೊಂದು ಚುಕ್ಕೆ ಎಲ್ಲಪ್ಪಾ?" ಎಂದರು. "ಅದು ಎಕ್ಸ್‌ಟ್ರಾ ಇತ್ತು, ಸರ್" ಎಂದ ಹುಡುಗನ ದನಿಯಲ್ಲಿ ಆಗಲೂ ಸ್ವಲ್ಪ ಹೆಮ್ಮೆಯಿತ್ತು.

ಚುಕ್ಕೆ ಮರಳಿದ ಮೇಲೆ ಪರೀಕ್ಷೆಯ ಸಿಸ್ಟಮ್ ತಕರಾರು ತೆಗೆಯಿತು. ಸಿಸ್‌ಕ್ಲೋನ್‌ಗೆ ನಾವಾಗಿ ಬೆಲೆ ಕೊಡದಿದ್ದರೆ ಸಿಸ್ಟಮ್ ಹೆಸರಿನ ಕೊನೆಯ ಎರಡಕ್ಷರವೇ ಅದರ ಬೆಲೆಯಾಗುತ್ತದೆ. ಈ ಪರೀಕ್ಷೆಯ ಸಿಸ್ಟಮ್‌ಗೆ ನಾಮಕರಣ ಮಾಡಿದ ಪುಣ್ಯಾತ್ಮರು ಕೊನೆಯಲ್ಲಿ 'ಡಿಎ' ಇಟ್ಟಿದ್ದರಿಂದ ವಿಳಾಸ 10.20.ಡಿಎ.5 ಎಂದಾಗಿತ್ತು. ಇಂಥ ವಿಳಾಸಕ್ಕೆ ಅಂಚೆಯವನಾದರೂ ಹೇಗೋ ಹೋದಾನು, ಅಂಕೆಯ ವಿಳಾಸವನ್ನೇ ಬಯಸುವ ನೆಟ್‌ವರ್ಕ್‌ನ ಮಾಹಿತಿಯ ಪ್ಯಾಕೆಟ್ ಹೋಗದು.

ನೆಟ್‌ವರ್ಕ್‌ನ ಇನ್ನೊಂದು ಕಡತವಾದ ಟಿಸಿಪಿಐಪಿ.ಡೇಟಾದ ಪದ್ಧತಿ ಬೇರೆ ಬಗೆಯದು: ಸಾಲಿನ ಮುಂದೆ ಸಿಸ್ಟಮ್ ಹೆಸರು ಮತ್ತು ಕೋಲನ್ ಇದ್ದರೆ ಆ ಸಾಲು ಆ ಸಿಸ್ಟಮ್‌ಗೆ ಮಾತ್ರ. ಹೆಸರು ಒಂದಕ್ಷರ ತಪ್ಪಿದ್ದರೂ ಸಿಸ್ಟಮ್ ಅದನ್ನು ಪರರ ಸಾಲೆಂದು ಬಿಟ್ಟು ಮುಂದಕ್ಕೆ ಹೋಗುತ್ತದೆ. ಇಷ್ಟು ಸಭ್ಯತೆ ಯಂತ್ರಕ್ಕೆ ಬೇಕಿರಲಿಲ್ಲ.

ಕೊನೆಗೆ, ವಿಳಾಸಕ್ಕೆಂದೇ ಅಂಕೆಗಳಷ್ಟನ್ನೇ ಹೊತ್ತ ಬೇರೊಂದು ಸಂಕೇತವನ್ನು ಪ್ರತಿ ಸಿಸ್ಟಮ್‌ಗೂ ಕೊಡಲಾಯಿತು. ಹುಡುಗ ಈಗ ಸಂಕೇತವಿರಲಿ ಇಲ್ಲದಿರಲಿ, ಎಲ್ಲ ವಿಳಾಸಗಳಲ್ಲೂ ಎರಡೆರಡು ಚುಕ್ಕೆ ಇಡುತ್ತಿದ್ದಾನೆ.