ಏಣಿ ಕೇಳದ ಕಂಟ್ರಾಕ್ಟರು

ಸೂರು ಸೋರಲು ಶುರುವಾದರೆ ನೀರಿಗಿಂತ ಜೋರಾಗಿ ಸುರಿಯುವುದು ಸಲಹೆ. ಅದರ ಬೆನ್ನಿಗೇ ಕಂಟ್ರಾಕ್ಟರುಗಳು. ಇವರಲ್ಲೊಬ್ಬ ತ್ರಿಕಾಲಜ್ಞಾನಿ ಇರುತ್ತಾನೆ. ಗೇಟಿನ ಬಳಿ ನಿಂತು, ಕತ್ತೆತ್ತಿ, ಹಣೆಗೆ ಕೈ ಅಡ್ಡ ಹಿಡಿದು, "ಪೂರ್ತಿ ಕೋಟಿಂಗ್ ಹೊಡೀಬೇಕು ಸಾರ್" ಎಂದುಬಿಡುತ್ತಾನೆ. ಏಣಿ ಎಲ್ಲಿದೆ ಎಂದು ಕೇಳುವುದಿಲ್ಲ. ಕೇಳದವನಿಗೆ ಕೆಲಸ ಕೊಡಬೇಡಿ.

ಏಕೆಂದರೆ ಒಳಗೆ ಹನಿ ಬೀಳುವ ಜಾಗವೇ ಮೇಲೆ ನೀರು ಇಳಿಯುವ ಜಾಗ ಆಗಿರಬೇಕೆಂದಿಲ್ಲ. ಸ್ಲ್ಯಾಬಿನೊಳಗೆ ಹೊಕ್ಕ ನೀರು ಕರೆಂಟಿನ ಪೈಪು ಹಿಡಿದು ಅಷ್ಟು ದೂರ ಸಾಗಿ, ಫ್ಯಾನಿನ ಕೊಕ್ಕೆಯಲ್ಲಿ ಇಳಿದು, ಹುಡುಕಿಕೊಂಡು ಬಂದಂತೆ ನಮ್ಮ ನೆತ್ತಿಗೇ ಬೀಳುತ್ತದೆ. ಬಲ್ಲವನು ಮೇಲೆ ಹತ್ತಿ ಮೊದಲು ನೋಡುವುದು ಪ್ಯಾರಪೆಟ್ ಗೋಡೆ ಸ್ಲ್ಯಾಬಿಗೆ ಸೇರುವ ಮೂಲೆಯನ್ನು, ನೀರು ಹೊರಹೋಗುವ ಪೈಪಿನ ಬಾಯನ್ನು, ಪಾಚಿ ಕಟ್ಟಿದ ತಗ್ಗನ್ನು. ತಾರಸಿಗೆ ನೂರಕ್ಕೆ ಒಂದರಷ್ಟಾದರೂ ಇಳಿಜಾರು ಬೇಕು, ಅಂದರೆ 3 ಮೀಟರಿಗೆ 3 ಸೆಂಟಿಮೀಟರ್. ತಗ್ಗನ್ನು ಸರಿಮಾಡದೆ ಮೇಲೆ ಕೋಟಿಂಗ್ ಹೊಡೆದರೆ ಕೊಳಕ್ಕೆ ಬಣ್ಣ ಬಳಿದ ಹಾಗೆ.

"ಮಳೆ ಇಲ್ಲದಾಗಲೂ ಸೋರುತ್ತಾ?" ಎಂದು ಕೇಳುವವನು ಸಿಕ್ಕರೆ ಕುರ್ಚಿ ಹಾಕಿ ಕೂರಿಸಿ. ವಾರಗಟ್ಟಲೆ ಬಿಸಿಲಿದ್ದೂ ತೊಟ್ಟಿಕ್ಕುತ್ತಿದ್ದರೆ ದೋಷ ನೀರಿನ ಟ್ಯಾಂಕಿನದೋ ಪೈಪಿನದೋ ಇರಬಹುದು. ತಾರಸಿಗೆ ಎಷ್ಟೇ ಬಳಿದರೂ ಪೈಪು ತನ್ನ ಪಾಡಿಗೆ ತಾನು ಸೋರುತ್ತಲೇ ಇರುತ್ತದೆ.

ಇನ್ನು ಕೊಟೇಶನ್. "ವಾಟರ್‌ಪ್ರೂಫಿಂಗ್ ಕೆಲಸ, ಒಟ್ಟು ಇಷ್ಟು" ಎಂಬ ಒಂದು ಸಾಲಿನ ಚೀಟಿಯಲ್ಲಿ ಜಗಳಕ್ಕೆ ಬೇಕಾದಷ್ಟು ಜಾಗ ಇರುತ್ತದೆ. ಎಷ್ಟು ಚದರಡಿ, ಹಳೇ ಪದರ ಕೆರೆಯುವವರು ಯಾರು, ಬಿರುಕನ್ನು ವಿ ಆಕಾರದಲ್ಲಿ ಕತ್ತರಿಸಿ ಪಾಲಿಮರ್ ಗಾರೆ ತುಂಬುತ್ತಾರೋ ಅಥವಾ ಮೇಲೆ ಸಿಮೆಂಟ್ ಸವರುತ್ತಾರೋ, ಮೂಲೆಗೆ ಗುಂಡಗೆ ಗಾರೆ ಕಟ್ಟಿ ಫೈಬರ್ ಬಲೆ ಹಾಸುತ್ತಾರೋ, ಪ್ರೈಮರ್ ಯಾವುದು, ಎಷ್ಟು ಕೋಟ್, ರಾಶಿ ಬಿದ್ದ ಕಸ ಸಾಗಿಸುವವರು ಯಾರು, ಎಲ್ಲವೂ ಬರಹದಲ್ಲಿರಲಿ. ಲೀಟರ್ ಲೆಕ್ಕವಂತೂ ಇರಲೇಬೇಕು. ಒಂದು ಕೋಟ್ ಬಳಿಯಲು ಒಂದು ಲೀಟರ್ ಎಷ್ಟು ಚದರಡಿಗೆ ಸಾಲುತ್ತದೆಂದು ಡಬ್ಬದ ಮೇಲೆ ಬರೆದಿರುತ್ತದೆ. ತಾರಸಿಯ ವಿಸ್ತೀರ್ಣವನ್ನು ಅದರಿಂದ ಭಾಗಿಸಿ ಕೋಟುಗಳಿಂದ ಗುಣಿಸಿದರೆ ಬೇಕಾದ ಲೀಟರ್ ಸಿಗುತ್ತದೆ. ಸೀಲು ನಿಮ್ಮೆದುರೇ ಒಡೆಯಲಿ, ಕೊನೆಗೆ ಖಾಲಿ ಡಬ್ಬ ಎಣಿಸಿ. ಡಬ್ಬ ಕಡಿಮೆಯಾಗಿ ಕೆಲಸ ಮಾತ್ರ ಪೂರ್ತಿಯಾಗಿದ್ದರೆ ಉಳಿದದ್ದು ನಲ್ಲಿ ನೀರು.

ಕೋಟಿಂಗ್ ಏಳುವುದಕ್ಕೆ ಹೆಚ್ಚಿನ ಸಲ ಕಾರಣ ಬಳಿದ ವಸ್ತುವಲ್ಲ, ಅವಸರ. ಒಳಗೆ ತೇವ ಉಳಿದ ಸ್ಲ್ಯಾಬಿಗೆ ಬಳಿದರೆ, ಬಿಸಿಲಿಗೆ ಆ ತೇವ ಆವಿಯಾಗಿ ಪದರವನ್ನು ಎತ್ತಿ ಗುಳ್ಳೆ ಮಾಡುತ್ತದೆ. ಎರಡನೇ ಕೋಟ್ ಮೊದಲನೆಯದು ಒಣಗಿದ ಮೇಲೆ, ಅದಕ್ಕೆ ಅಡ್ಡಡ್ಡವಾಗಿ ಬರಬೇಕು. "ಊಟದ ಹೊತ್ತಿಗೆ ಎರಡೂ ಮುಗಿಸಿಬಿಡ್ತೀನಿ" ಎನ್ನುವ ಚುರುಕಿನವನನ್ನು ಬೇರೆ ಯಾವುದಾದರೂ ಕೆಲಸಕ್ಕೆ ಕರೆಯಿರಿ.

ಶೀಟಿನ ಸೂರಾದರೆ ರಹಸ್ಯವೆಲ್ಲ ಸ್ಕ್ರೂ ಕೆಳಗಿನ ರಬ್ಬರ್ ವಾಷರಿನಲ್ಲಿ. ಸಡಿಲವಾದರೆ ಸೋರುತ್ತದೆ, ಅತಿಯಾಗಿ ಬಿಗಿದರೆ ಹರಿದು ಸೋರುತ್ತದೆ. ಹೆಂಚಿನ ಮನೆಗೆ ಬಂದವನು ಎಲ್ಲಿ ಕಾಲಿಡುತ್ತಾನೆ ನೋಡಿ. ಒಂದು ಹೆಂಚು ಬದಲಿಸಲು ಹತ್ತಿ ನಾಲ್ಕು ಒಡೆದು ಇಳಿಯುವವರಿದ್ದಾರೆ.

ಹತ್ತು ವರ್ಷ ಗ್ಯಾರಂಟಿ ಎಂಬ ಮಾತು ಬಂದಾಗ, ವಸ್ತುವಿಗೋ ಕೆಲಸಕ್ಕೋ ಎಂದು ಕೇಳಿ. ಕಂಪನಿಯ ವಾರಂಟಿ ಸಾಮಾನ್ಯವಾಗಿ ಡಬ್ಬದೊಳಗಿನದಕ್ಕೆ. ಬಳಿದ ಕೈಯ ಹೊಣೆ ಬೇರೆ, ಅದನ್ನು ಬೇರೆಯಾಗಿಯೇ ಬರೆಸಿಕೊಳ್ಳಬೇಕು. ಹಳೇ ಕೆಲಸ ತೋರಿಸಿ ಎಂದಾಗ ಹೋದ ವಾರದ್ದನ್ನು ತೋರಿಸಿದರೆ ಅದು ಕೆಲಸವಲ್ಲ, ಬಣ್ಣ. ಎರಡು ಮಳೆಗಾಲ ಕಂಡದ್ದನ್ನು ಕೇಳಿ, ಆ ಮನೆಯವರ ಜತೆ ಮಾತಾಡಿ.

ಹಣವನ್ನು ಹಂತಹಂತವಾಗಿ ಕೊಡಿ, ಕೊನೆಯ ಕಂತನ್ನು ನೀರು ನಿಲ್ಲಿಸಿ ನೋಡುವವರೆಗೆ ಹಿಡಿದಿಡಿ. ಕೋಟಿಂಗ್ ಪೂರ್ತಿ ಗಟ್ಟಿಯಾದ ಮೇಲೆ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಸುಮಾರು ಒಂದಿಂಚು ನೀರು ಕಟ್ಟಿ, 24ರಿಂದ 48 ಗಂಟೆ ಬಿಟ್ಟು ಕೆಳಗಿನಿಂದ ನೋಡುವುದು ಕ್ರಮ. ಸಾವಿರ ಚದರಡಿಗೆ ಒಂದಿಂಚು ನೀರೆಂದರೆ ಸುಮಾರು 2,360 ಕೆಜಿ ಭಾರ. ಕಂಬಿ ತುಕ್ಕು ಹಿಡಿದು ಚಕ್ಕೆ ಉದುರುವ ಹಳೇ ಸ್ಲ್ಯಾಬಾದರೆ ಎಂಜಿನಿಯರನ್ನು ಕೇಳದೆ ಈ ಸಾಹಸ ಬೇಡ. ಪರೀಕ್ಷೆ ಮುಗಿದ ಮೇಲೆ ಆ ಬಟ್ಟೆ ತೆಗೆಯಲು ಮರೆಯಬೇಡಿ. ಮರೆತ ಬಟ್ಟೆಗೆ ಯಾವ ಕಂಟ್ರಾಕ್ಟರೂ ಗ್ಯಾರಂಟಿ ಕೊಡುವುದಿಲ್ಲ.